ಕರೆಯೋಲೆಯ ಭಾಷೆ

ಫೋನ್ ಕರೆಗೂ ಮದುವೆಯ ಕರೆಯೋಲೆಗೂ ನಂಟಿದೆ ಅನ್ನಿಸಿದ್ದು ಸಿಪ್ ಕಲಿಯಲು ಕುಳಿತಾಗ. ಇಂಟರ್ನೆಟ್ ಮೂಲಕ ಮಾತಾಡುವ ಎರಡು ಫೋನುಗಳು ಮಾತಿಗೆ ಮೊದಲು ಪಾಲಿಸುವ ಶಿಷ್ಟಾಚಾರವೇ ಸಿಪ್. ಕರೆ ಮಾಡುವ ಫೋನ್ ‘ಇನ್‌ವೈಟ್’ ಎಂಬ ಓಲೆ ಕಳಿಸುತ್ತದೆ. ನಡುವಿನ ಸರ್ವರ್ ‘100 ಟ್ರೈಯಿಂಗ್’ ಎನ್ನುತ್ತದೆ: ಓಲೆ ಬಂತು, ಪ್ರಯತ್ನಿಸುತ್ತಿದ್ದೇನೆ. ಆಚೆ ಗಂಟೆ ಬಾರಿಸಿದರೆ ‘180 ರಿಂಗಿಂಗ್’, ಎತ್ತಿದರೆ ‘200 ಓಕೆ’. ಆ ಒಪ್ಪಿಗೆ ತಲುಪಿತೆಂದು ಈಚೆಯಿಂದ ‘ಆಕ್’. ಮಾತು ಮುಗಿದರೆ ‘ಬೈ’. ಎಷ್ಟು ಮರ್ಯಾದಸ್ಥ ಸಂಭಾಷಣೆ!

ಇದೆಲ್ಲ ಮನುಷ್ಯರು ಓದಬಲ್ಲ ಸಾದಾ ಅಕ್ಷರಗಳಲ್ಲಿದೆ ಎಂಬುದೇ ನನಗೆ ಅತಿ ಪ್ರಿಯವಾದ ಸಂಗತಿ. ಇದೇ ಕೆಲಸಕ್ಕಿದ್ದ 1996ರ ಎಚ್.323 ಪದ್ಧತಿಯ ಸಂದೇಶಗಳು ಬೈನರಿಯಲ್ಲಿದ್ದವು, ಬರಿಗಣ್ಣಿಗೆ ಅರ್ಥವಾಗುತ್ತಿರಲಿಲ್ಲ. ಹ್ಯಾಂಡ್ಲಿ, ಶುಲ್ಜ್‌ರಿನ್, ಸ್ಕೂಲರ್, ರೋಸೆನ್‌ಬರ್ಗ್ 1999ರಲ್ಲಿ ಸಿಪ್ ಬರೆದಾಗ ವೆಬ್ಬಿನ ಎಚ್‌ಟಿಟಿಪಿಯ ಜಾಡು ಹಿಡಿದರು. ಹಾಗಾಗಿಯೇ ವಿಳಾಸ ಸಿಗದಿದ್ದರೆ ಇಲ್ಲೂ ಅದೇ ‘404’.

ಸಿಪ್ ದನಿಯನ್ನು ಹೊರುವುದಿಲ್ಲ. ದನಿಯನ್ನು ಸಂಕೇತವಾಗಿಸಲು ಯಾವ ಕೋಡೆಕ್, ಅದಕ್ಕೆ ಯಾವ ಪೋರ್ಟ್ ಎಂಬ ಮಾತುಕತೆ ಓಲೆಯ ಒಡಲಲ್ಲಿ ಎಸ್‌ಡಿಪಿ ರೂಪದಲ್ಲಿರುತ್ತದೆ. ದನಿ ಆರ್‌ಟಿಪಿಯಲ್ಲಿ ಬೇರೆ ದಾರಿ ಹಿಡಿಯುತ್ತದೆ. ಗಂಟೆ ಬಾರಿಸಿಯೂ ದನಿ ಕೇಳದ ಕರೆಗಳ ಗುಟ್ಟು ಬಹುಪಾಲು ಇಲ್ಲೇ ಇರುತ್ತದೆ. ಕಲಿಯುವವರು ಮೊದಲು ಈ ಭೇದವನ್ನು ಗಟ್ಟಿಮಾಡಿಕೊಳ್ಳಬೇಕು.

ಜಾಲದ ಸಂದೇಶಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು, ನಿಮ್ಮದೇ ಪ್ರಯೋಗದ ಕರೆಯೊಂದನ್ನು 5060ನೇ ಪೋರ್ಟಿನಲ್ಲಿ ಹಿಡಿದು, ಸಾಲುಸಾಲಾಗಿ ಓದಿ. ಇಂದು ನಿಮ್ಮ 4ಜಿ ಮೊಬೈಲಿನ ವೋಲ್ಟಿ ಕರೆಯೂ ಶುರುವಾಗುವುದು ಅದೇ ‘ಇನ್‌ವೈಟ್’ನಿಂದ.