ಎಡವಿಸುವ ಆಯ್ಕೆ

ಪ್ರಶ್ನೆಪತ್ರಿಕೆ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಸರಿ ಉತ್ತರವನ್ನಲ್ಲ, ಮಕ್ಕಳು ಎಡವಲೆಂದೇ ಇಟ್ಟ ಆಯ್ಕೆಯನ್ನು. ಸಿಬಿಎಸ್‌ಇ ಇರಲಿ, ನೀಟ್ ಇರಲಿ, ರಸಾಯನ ವಿಜ್ಞಾನದ ಪತ್ರಿಕೆ ತೆಗೆದವರ ಕಸುಬುಗಾರಿಕೆ ಗೊತ್ತಾಗುವುದು ಅಲ್ಲೇ.

ಹಳೆಯ ಬಲೆಯೊಂದಿದೆ. ಹೈಡ್ರೋಕ್ಲೋರಿಕ್ ಆಮ್ಲದ 10⁻⁸ ಮೋಲಾರ್ ದ್ರಾವಣದ ಪಿಎಚ್ ಎಷ್ಟು? ಸೂತ್ರ ಉರು ಹೊಡೆದವನು ಕಣ್ಣುಮುಚ್ಚಿ 8 ಎನ್ನುತ್ತಾನೆ. ನೀರಿಗೆ ಆಮ್ಲ ಬೆರೆಸಿದರೆ ಅದು ಪ್ರತ್ಯಾಮ್ಲವಾಗುವುದುಂಟೇ? ನೀರು ತಾನಾಗಿ ಕೊಡುವ ಹೈಡ್ರೋಜನ್ ಅಯಾನುಗಳನ್ನೂ ಲೆಕ್ಕಕ್ಕೆ ಹಿಡಿದರೆ ಬರುವುದು 6.98. ನಮ್ಮ ಪಿಯುಸಿ ಮಕ್ಕಳೂ ಓದುವ ಎನ್‌ಸಿಇಆರ್‌ಟಿ ಪುಸ್ತಕದಲ್ಲೇ ಈ ಲೆಕ್ಕ ಬಿಡಿಸಿಟ್ಟಿದೆ. ಶುದ್ಧ ನೀರನ್ನು ಕಾಯಿಸಿದರೆ ಪಿಎಚ್ 7ಕ್ಕಿಂತ ಕೆಳಗಿಳಿಯುತ್ತದೆ, ಆದರೂ ಅದು ಆಮ್ಲವಲ್ಲ ಎಂಬುದು ಇದರದೇ ತಮ್ಮ.

ನನಗೆ ಹೆಚ್ಚು ಹಿಡಿಸುವುದು ಉಪ್ಪಿನ ಕಥೆ. ಸೋಡಿಯಂಗೆ ಒಂದು ಎಲೆಕ್ಟ್ರಾನ್ ಕೊಡುವ ಆಸೆ, ಕ್ಲೋರಿನ್‌ಗೆ ತೆಗೆದುಕೊಳ್ಳುವ ಆಸೆ. ಕೊಟ್ಟು ತಂದು ಇಬ್ಬರ ಅಷ್ಟಕವೂ, ಅಂದರೆ ಹೊರಕವಚದ ಎಂಟು ಎಲೆಕ್ಟ್ರಾನ್‌ಗಳ ಲೆಕ್ಕವೂ, ಭರ್ತಿ. ಥೇಟ್ ಮದುವೆ ಮಾತುಕತೆ! ಇದನ್ನು ನಂಬಿದ ಹುಡುಗಿ, ಸೋಡಿಯಂ ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡರೆ ಶಕ್ತಿ ಬಿಡುಗಡೆಯಾಗುತ್ತದೆ ಎಂದು ಗುರುತು ಹಾಕುತ್ತಾಳೆ. ವಾಸ್ತವದಲ್ಲಿ ಆ ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಮೋಲ್‌ಗೆ ಸುಮಾರು 496 ಕಿಲೋಜೂಲ್ ಸುರಿಯಬೇಕು. ಕ್ಲೋರಿನ್ ಹಿಂದಿರುಗಿಸುವುದು 349 ಮಾತ್ರ. ಬಾಕಿ 147. ಈ ಸಾಲ ತೀರುವುದು ಅಯಾನುಗಳು ಸ್ಫಟಿಕವಾಗಿ ಜೋಡಿಸಿಕೊಂಡಾಗ ಹೊರಬೀಳುವ 788ರಿಂದ. ಎಂಟರ ಲೆಕ್ಕ ಹಿಡಿದು ಕೂತವರಿಗೆ ಈ ಜಮಾ-ಖರ್ಚು ಕಾಣುವುದೇ ಇಲ್ಲ.

ತಪ್ಪು ಆ ಹುಡುಗಿಯದೇ? ನನಗೆ ಹಾಗನ್ನಿಸದು. ಇಂಗ್ಲೆಂಡಿನ ಕೀತ್ ಟೇಬರ್ ಇಂಥ ಗ್ರಹಿಕೆಗಳ ಬಗ್ಗೆ ಬರೆದ ಪುಸ್ತಕವನ್ನು ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2002ರಲ್ಲೇ ಪ್ರಕಟಿಸಿತು. ಮಳೆ, ಬೆಂಕಿ, ತುಕ್ಕುಗಳ ಬಗ್ಗೆ ಮಗು ಮನೆಯಿಂದಲೇ ಒಂದಿಷ್ಟು ನಂಬಿಕೆ ಹೊತ್ತು ತರಬಹುದು. ಅಷ್ಟಕದ ನಂಬಿಕೆಯನ್ನು ಯಾವ ಅಜ್ಜಿಯೂ ಹೇಳಿಕೊಟ್ಟಿರುವುದಿಲ್ಲ. ಅದು ಪೂರ್ತಿ ತರಗತಿಯ ಸರಕು. ಸೋಡಿಯಂ ‘ಬಯಸುತ್ತದೆ’ ಎಂದು ಕಪ್ಪು ಹಲಗೆಯ ಮುಂದೆ ನಿಂತು ಹೇಳಿದವರು ನಾವೇ, ಮೇಷ್ಟ್ರುಗಳು.

ಹೇಳಿಕೆ–ಕಾರಣ ಮಾದರಿಯ ಪ್ರಶ್ನೆಗಳನ್ನು ಮಕ್ಕಳು ಬೈಯುತ್ತಾರೆ, ನನಗಂತೂ ಇಷ್ಟ. ಇಲ್ಲೊಂದು ಇಡುತ್ತೇನೆ. ಹೇಳಿಕೆ: ಸೋಡಿಯಂ ಕ್ಲೋರೈಡ್ ಸ್ಥಿರ ಸಂಯುಕ್ತ. ಕಾರಣ: ಅದರ ಎರಡೂ ಅಯಾನುಗಳ ಹೊರಕವಚದಲ್ಲಿ ಎಂಟೆಂಟು ಎಲೆಕ್ಟ್ರಾನ್‌ಗಳಿವೆ. ಎರಡೂ ನಿಜ; ಆದರೆ ಎರಡನೆಯದು ಮೊದಲನೆಯದಕ್ಕೆ ಸರಿಯಾದ ವಿವರಣೆಯಲ್ಲ ಎಂದು ನಾನು ಗುರುತು ಹಾಕುತ್ತೇನೆ. ಮೌಲ್ಯಮಾಪಕರು ಅಂಕ ಕೊಡುತ್ತಾರೋ ಇಲ್ಲವೋ, ನೋಡೋಣ.