ಅಜ್ಜಿ ಕತೆಗೆ ವಯಸ್ಸೆಷ್ಟು?

ಹುಂಜದ ಮುದುಕಿ ಕತೆ ನಿಮಗೂ ಗೊತ್ತಿರುತ್ತೆ. ತನ್ನ ಹುಂಜ ಕೂಗದಿದ್ರೆ ಊರಿಗೆ ಬೆಳಗೇ ಆಗಲ್ಲ ಅಂತ ಜಂಬ ಪಟ್ಟವಳ ಕತೆ. ಅಬ್ಬಿಗೇರಿಯ ನಮ್ಮ ಮನೆ ಕಟ್ಟೆ ಮೇಲೆ ಅಜ್ಜಿ ಇದನ್ನ ಹೇಳುವಾಗ ನಾನು ಹೆದರಿ ಸೆರಗು ಹಿಡ್ಕೊಂಡ್ರೆ, "ಅಕಿ ಹುಂಜ ಇಲ್ಲಂದ್ರೂ ಹೊತ್ತು ಹೊಂಡ್ತೈತಿ ಬಿಡೋ" ಅಂತ ಬೇಗ ಬೇಗ ಬೆಳಗು ಮಾಡಿಬಿಡ್ತಿದ್ಲು.

ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ಕಿರುಚಿತ್ರ 'ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು' ಇದೇ ಕತೆಯನ್ನ ತಿರುಗಿಸಿ ಹೇಳುತ್ತೆ. 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಇಲ್ಲಿ ಮುದುಕಿ ಹುಂಜ ಕದ್ದಾಗ ಊರಿಗೆ ನಿಜವಾಗಿಯೂ ಕತ್ತಲು ಕವಿಯುತ್ತೆ. ಹುಂಜ ವಾಪಸ್ ಬರಲಿ ಅಂತ ಅವಳ ಕುಟುಂಬವನ್ನೇ ಊರಾಚೆ ಕಳಿಸ್ತಾರೆ.

"ನಿನ್ನ ಆರು ವರ್ಷದ ಮಗಳಿಗೆ ತೋರಿಸ್ತೀಯಾ?" ಅಂತ ಆಫೀಸಿನ ಗೆಳೆಯ ಕೇಳಿದ. "ಮಕ್ಕಳ ಕತೆನೇ ಅಲ್ವಾ, ಯು ಕೊಡಬಹುದು" ಅಂತ ಅವನೇ ಉತ್ತರಾನೂ ಹೇಳಿದ.

ನನ್ನನ್ನ ಕೇಳಿದ್ರೆ ಯುಎ 7+. ಮೊದಲು ಯುಎ ಅಂದ್ರೆ 12ರೊಳಗಿನ ಮಕ್ಕಳಿಗೆ ಹೆತ್ತವರ ಮಾರ್ಗದರ್ಶನ ಅಂತ ಒಂದೇ ಗೆರೆ ಇತ್ತು. 2023ರ ತಿದ್ದುಪಡಿ ಅದನ್ನ 7, 13, 16 ಅಂತ ಮೂರು ಮಾಡಿತು. ಓಟಿಟಿಗೆ 2021ರ ನಿಯಮಗಳಲ್ಲೇ ಈ ಮೂರು ಹಂತ ಬಂದಿದ್ವು. ಇವು ಬಾಗಿಲು ಹಾಕೋ ಗುರುತಲ್ಲ, ಮಕ್ಕಳಿಗೆ ಬಾಗಿಲು ಹಾಕೋದು 'ಎ'. ಯುಎ ಹೇಳೋದು ಇಷ್ಟೇ: ಮಗುವಿನ ಪಕ್ಕ ಯಾರಾದ್ರೂ ಕೂತಿರಿ.

ರೇಟಿಂಗ್ ಅಂದ ಕೂಡಲೇ ನಾವು ರಕ್ತ, ಸಿಗರೇಟು, ಬೈಗುಳ ಎಣಿಸ್ತೀವಿ. ಟೆಸ್ಟ್ ಕೇಸ್ ಟಿಕ್ ಹಾಕಿದ ಹಾಗೆ. ಆದ್ರೆ ಈ ಚಿತ್ರ ಕಾಡೋದು ಅಂಥದ್ದರಿಂದಲ್ಲ. ಮುಗಿಯದ ಕತ್ತಲು, ಒಬ್ಬ ಮುದುಕಿಯ ತಪ್ಪಿಗೆ ಮನೆಯವರೆಲ್ಲ ಊರು ಬಿಡೋದು. ನಡುವೆ ನಗುವೂ ಇದೆ, ಆದ್ರೆ ಆ ನಗು ದೊಡ್ಡವರದ್ದು. ಇದು ಚಿತ್ರದ ದೋಷ ಅಲ್ಲ, ಶಕ್ತಿ. ಅಜ್ಜಿ ಹಗುರ ಮಾಡಿದ್ದನ್ನ ನಿರ್ದೇಶಕರು ಮತ್ತೆ ಭಾರ ಮಾಡಿದ್ದಾರೆ.

ಕತೆ ಮಕ್ಕಳದ್ದಾದ್ರೆ ಸಿನಿಮಾನೂ ಮಕ್ಕಳದ್ದು ಅನ್ನೋದು ತಪ್ಪು ಲೆಕ್ಕ. ಅಜ್ಜಿ ಕೇಳೋರ ಮುಖ ನೋಡಿ ಕತೆ ಹೇಳ್ತಿದ್ಲು, ಪರದೆಗೆ ನಮ್ಮ ಮುಖ ಕಾಣಲ್ಲ. ಅದಕ್ಕೇ ಆ ಮುಖ ನೋಡೋ ಕೆಲಸವನ್ನ ರೇಟಿಂಗ್ ಮಾಡಬೇಕು.

ಮಗಳಿಗೆ ಸದ್ಯ ಅಜ್ಜಿಯ ಕತೆಯನ್ನೇ ಹೇಳಿದೀನಿ. ಸಿನಿಮಾ ಮುಂದಿನ ವರ್ಷ. ಪಕ್ಕದಲ್ಲಿ ನಾನಿರ್ತೀನಿ. ಸೆರಗಿಲ್ಲ, ಅಂಗಿ ತೋಳು ಹಿಡ್ಕೊಳ್ಳಲಿ.