ಅಗಲಿದ ದನಿಯ ಕೊನೆಯ ಸಂಪುಟ

ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ರ್‍ಯಾಪ್ ವೃಂದ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ 1998ರ ತರುವಾಯ 18 ವರ್ಷ ಹೊಸ ಗೀತಸಂಪುಟವನ್ನು ಹೊರತರಲಿಲ್ಲ. 2016ರ ಮಾರ್ಚಿನಲ್ಲಿ ವೃಂದದ ಫೈಫ್ ಡಾಗ್ ಮಧುಮೇಹದ ತೊಡಕುಗಳಿಂದ 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ನವೆಂಬರಿನಲ್ಲಿ ಪ್ರಕಟವಾದ ಕೊನೆಯ ಸಂಪುಟ ‘ವಿ ಗಾಟ್ ಇಟ್ ಫ್ರಂ ಹಿಯರ್... ಥ್ಯಾಂಕ್ ಯು ಫಾರ್ ಯುವರ್ ಸರ್ವಿಸ್’ನಲ್ಲಿ ಅವರ ದನಿ ಉಳಿದುಬಂದಿದೆ. ಇದನ್ನು ಕೇವಲ ಕನಿಕರದಿಂದ ಆಲಿಸುವುದು ವಿಮರ್ಶೆಯೆನಿಸದು.

ಈ ವೃಂದದ ಕಲೆಯ ಜೀವಾಳ ಸಂವಾದ: ಕ್ಯೂ-ಟಿಪ್ ಎತ್ತಿದ ಮಾತನ್ನು ಫೈಫ್ ತಟ್ಟನೆ ಹಿಡಿದು ಮುಂದಕ್ಕೊಯ್ಯುವರು. ಇಲ್ಲಿಯ ಹಲವು ಗೀತೆಗಳಲ್ಲಿ ಆ ಕ್ರಮವೇ ಸಾಗುವುದರಿಂದ ಮೃತರು ಸ್ಮರಣೆಯ ವಸ್ತುವಾಗದೆ ಮಾತುಗಾರರಾಗಿಯೇ ಉಳಿಯುತ್ತಾರೆ. ಅವರಿಗಾಗಿ ಹಾಡಿದ ‘ಲಾಸ್ಟ್ ಸಮ್‌ಬಡಿ’ ಎಂಬ ಶೋಕಗೀತೆಯಲ್ಲಾದರೋ ಆ ದನಿಯಿಲ್ಲ. ಮರುಮಾತಿಗೆ ಒಗ್ಗಿದ ಕಿವಿಗೆ ಈ ಮೌನವೇ ಮರಣದ ಅರಿವನ್ನು ತರುತ್ತದೆ. ಸಂಪುಟದ ಗೆಲುವಿರುವುದು ಈ ರಚನೆಯಲ್ಲಿ, ಸಾವಿನ ಆಕಸ್ಮಿಕದಲ್ಲಲ್ಲ.